ನೀರಿನ ಮೇಲಿನ ಕುಸ್ತಿ: ದಾವಣಗೆರೆಯ ಕಾಲೇಜು ಹುಡುಗಿಯರು ಮ್ಯಾಚ್ ರೇಸಿಂಗ್ ಎಲ್ಲಿ ಕಲಿಯಬಹುದು?

ಹೋದ ತಿಂಗಳು ಒಂದು ಸಂಜೆ ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದರು. ಒಬ್ಬಳು ಬಿ.ಕಾಂ ಎರಡನೇ ವರ್ಷ, ಇನ್ನೊಬ್ಬಳು ಎಂಜಿನಿಯರಿಂಗ್. ಕೈಯಲ್ಲಿ ಮೊಬೈಲ್, ಅದರಲ್ಲಿ ಒಂದು ವಿಡಿಯೊ. ಎರಡೇ ಎರಡು ಹಾಯಿದೋಣಿ ಒಂದನ್ನೊಂದು ಸುತ್ತು ಹಾಕುತ್ತಿವೆ. ಇನ್ನೇನು ಡಿಕ್ಕಿ ಹೊಡೆದವು ಅನ್ನುವಷ್ಟರಲ್ಲಿ ತಿರುಗಿಕೊಳ್ಳುತ್ತಿವೆ.

"ಅಕ್ಕಾ, ಇದನ್ನ ಕಲೀಬೇಕು. ಹೈದರಾಬಾದಾ, ಚೆನ್ನೈಯಾ, ಗೋವಾನಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ."

ಜೊತೆಗೆ ಬಂದಿದ್ದ ಅವರಲ್ಲೊಬ್ಬಳ ತಾಯಿಯ ಪ್ರಶ್ನೆಯೇ ಬೇರೆ. "ಕುಂದುವಾಡ ಕೆರೆ ಏರಿ ಮೇಲೆ ನಿಂತ್ರೇ ಹಿಂದಕ್ಕೆ ಸರೀತಾಳೆ. ಇವಳು ಸಮುದ್ರಕ್ಕೆ ಹೋಗ್ತಾಳಂತೆ, ಕೇಳ್ರೀ."

ಇಂಥ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಡಿಗ್ರಿ ಓದುವಾಗ ನಾನೂ ರಜೆಯಲ್ಲಿ ಹೋಗಿ ಕಲಿತವಳು. ಮೊದಲು ಕೆರೆಯಲ್ಲಿ, ಆಮೇಲೆ ಸಮುದ್ರದಲ್ಲಿ. ಚಾಂಪಿಯನ್ ಏನಲ್ಲ. ಗೆದ್ದಿದ್ದಕ್ಕಿಂತ ನೀರಿಗೆ ಬಿದ್ದಿದ್ದೇ ಜಾಸ್ತಿ. ಆದರೆ ತಪ್ಪು ದಾರಿ ಹಿಡಿದು ಒಂದು ಇಡೀ ರಜೆ ಕಳೆದುಕೊಂಡ ಅನುಭವ ಇದೆ. ಅದನ್ನೇ ಬಂಡವಾಳ ಮಾಡಿಕೊಂಡು ಇಷ್ಟು ಬರೆಯುತ್ತಿದ್ದೇನೆ.

ಮೊದಲು, ಇದು ಎಂಥ ಆಟ

ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದ್ದೀರಲ್ಲ? ಮ್ಯಾಚ್ ರೇಸಿಂಗ್ ಅಂದರೆ ನೀರಿನ ಮೇಲೆ ಅದೇ ಆಟ. ಮಾಮೂಲಿ ಹಾಯಿದೋಣಿ ಓಟಕ್ಕೆ ಫ್ಲೀಟ್ ರೇಸ್ ಅನ್ನುತ್ತಾರೆ. ಇಪ್ಪತ್ತೋ ಮೂವತ್ತೋ ದೋಣಿ ಒಟ್ಟಿಗೆ ಹೊರಡುತ್ತವೆ. ಮ್ಯಾಚ್ ರೇಸ್‌ನಲ್ಲಿ ಕಣಕ್ಕೆ ಇಳಿಯುವುದು ಒಂದೇ ಜೋಡಿ. ಎರಡೂ ಒಂದೇ ಅಚ್ಚಿನ ದೋಣಿಗಳು. ಎಷ್ಟು ವೇಗವಾಗಿ ಬಂದಿರಿ ಅನ್ನುವುದು ಯಾರಿಗೂ ಬೇಡ. ಎದುರಾಳಿಗಿಂತ ಒಂದು ಮೊಳ ಮುಂದಿದ್ದರೆ ಸಾಕು.

ಆಟದ ಜೀವ ಇರುವುದು ಸ್ಟಾರ್ಟ್‌ಗೆ ಮುಂಚಿನ ನಾಲ್ಕು ನಿಮಿಷದಲ್ಲಿ. 4 ನಿಮಿಷ ಬಾಕಿ ಇರುವಾಗ ಒಂದು ಸಿಗ್ನಲ್ ಆಗುತ್ತದೆ. ಸ್ಟಾರ್ಟ್ ಗೆರೆಯ ಎಡ ತುದಿಯಿಂದ ನೀಲಿ ಬಾವುಟದ ದೋಣಿ, ಬಲ ತುದಿಯಿಂದ ಹಳದಿ ಬಾವುಟದ ದೋಣಿ ಎರಡು ನಿಮಿಷದೊಳಗೆ ಒಳಗೆ ಬರಬೇಕು. ಬಲದಿಂದ ಬರುವವಳಿಗೆ ಗಾಳಿ ಬಲ ಮಗ್ಗುಲಿನಿಂದ ಬೀಸುತ್ತದೆ. ಅದಕ್ಕೆ ಸ್ಟಾರ್‌ಬೋರ್ಡ್ ಟ್ಯಾಕ್ ಎಂದು ಹೆಸರು. ದಾರಿಯ ಹಕ್ಕು ಅವಳದು. ನೀಲಿಯವಳು ಅವಳ ಎದುರಿಗೇ ನುಗ್ಗಬೇಕು, ಆದರೆ ಮುಟ್ಟಬಾರದು. ಇಬ್ಬರೂ ಮೂತಿಯನ್ನು ಗಾಳಿಗೆ ಎದುರು ತಿರುಗಿಸಿ, ಹಾಯಿ ಪಟಪಟ ಬಡಿಯುತ್ತಾ, ಅಕ್ಕಪಕ್ಕ ನಿಂತುಬಿಡುತ್ತಾರೆ. ಇದು ಡಯಲ್-ಅಪ್. ಮೊದಲು ಯಾರ ದೋಣಿ ಜಾರುತ್ತದೋ ಅವರ ಕಥೆ ಮುಗೀತು. ಪೈಲ್ವಾನರು ಕೈಗೆ ಕೈ ಹಿಡಿದು ತಲೆಗೆ ತಲೆ ಕೊಟ್ಟು ನಿಲ್ಲುತ್ತಾರಲ್ಲ, ಹಾಗೇ.

ಪಕ್ಕದಲ್ಲೇ ಮೋಟಾರು ಬೋಟಿನಲ್ಲಿ ಅಂಪೈರ್‌ಗಳು ಹಿಂಬಾಲಿಸುತ್ತಾರೆ. ಎದುರಾಳಿ ತಪ್ಪು ಮಾಡಿದಳು ಅನ್ನಿಸಿದರೆ ವೈ ಅನ್ನುವ ಬಾವುಟ ಎತ್ತಬೇಕು. ತೀರ್ಪು ಅಲ್ಲೇ, ಆಗಲೇ. ಹಸಿರು-ಬಿಳಿ ಬಾವುಟ ಬಂದರೆ ಯಾರಿಗೂ ಶಿಕ್ಷೆ ಇಲ್ಲ. ನೀಲಿ ಅಥವಾ ಹಳದಿ ಬಂದರೆ ಆ ಬಣ್ಣದವಳಿಗೆ ಪೆನಾಲ್ಟಿ. ದೋಣಿಯನ್ನು ಒಂದು ಸುತ್ತು ತಿರುಗಿಸಿ ತೀರಿಸಬೇಕು. ಸಾಮಾನ್ಯವಾಗಿ ಆ ಸಾಲವನ್ನು ಮುಗಿಯುವ ಗೆರೆಯವರೆಗೂ ಎಳೆಯಬಹುದು. ಅಷ್ಟರಲ್ಲಿ ಎದುರಾಳಿಗೂ ಒಂದು ಬಿದ್ದರೆ ಎರಡೂ ವಜಾ. ಆದರೆ ಎರಡು ಬಾಕಿ ಇರುವಾಗ ಮೂರನೆಯದು ಬಿತ್ತೋ, ಆಟದಿಂದಲೇ ಹೊರಗೆ.

ನಿಮಗೆ ಇದೇ ಬೇಕಾ?

ಊರು ಆರಿಸುವ ಮುಂಚೆ ಇದನ್ನು ಇತ್ಯರ್ಥ ಮಾಡಿಕೊಳ್ಳಿ. ನಾನು ಇದನ್ನು ಮಾಡಲಿಲ್ಲ.

ಮಹಿಳೆಯರ ಮ್ಯಾಚ್ ರೇಸಿಂಗ್ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಒಂದೇ ಸಲ, 2012ರ ಲಂಡನ್‌ನಲ್ಲಿ. ಮೂವರು ಹುಡುಗಿಯರ ತಂಡ, ಎಲಿಯಟ್ 6 ಮೀಟರ್ ದೋಣಿ. ಸ್ಪೇನ್‌ಗೆ ಚಿನ್ನ, ಆಸ್ಟ್ರೇಲಿಯಾಕ್ಕೆ ಬೆಳ್ಳಿ, ಫಿನ್ಲೆಂಡ್‌ಗೆ ಕಂಚು. 2016ಕ್ಕೆ ಅದನ್ನು ತೆಗೆದುಹಾಕಿದರು. ಹಾಗಂತ ಆಟ ಸತ್ತಿಲ್ಲ. ಅಮೆರಿಕಾಸ್ ಕಪ್‌ನಂಥ ದೊಡ್ಡ ಪಂದ್ಯ ಇವತ್ತಿಗೂ ಮ್ಯಾಚ್ ರೇಸೇ. 2024ರಲ್ಲಿ ಬಾರ್ಸಿಲೋನಾದಲ್ಲಿ ಮೊದಲ ಸಲ ಮಹಿಳೆಯರಿಗೂ ಅದರದೇ ಕಪ್ ನಡೆಯಿತು. ಫೈನಲ್‌ನಲ್ಲಿ ಎದುರುಬದುರಾದದ್ದು ಎರಡೇ ದೋಣಿ. ಇಟಲಿಯ ಹುಡುಗಿಯರು ಬ್ರಿಟನ್ ತಂಡವನ್ನು ಸೋಲಿಸಿದರು.

ನಿಮಗೆ ಪದಕ, ಕ್ರೀಡಾ ಕೋಟಾ, ರಾಷ್ಟ್ರೀಯ ತಂಡ ಬೇಕು ಅಂದರೆ ನೇರವಾಗಿ ಹೇಳುತ್ತೇನೆ: ಫ್ಲೀಟ್ ರೇಸಿಂಗ್ ಕಡೆ ಹೋಗಿ. ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗೆ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳೆ ಚೆನ್ನೈನ ನೇತ್ರಾ ಕುಮನನ್. ಅವರು ಟೋಕಿಯೊಗೆ, ಆಮೇಲೆ ಪ್ಯಾರಿಸ್‌ಗೆ ಹೋದದ್ದು ಒಬ್ಬರೇ ನಡೆಸುವ ದೋಣಿಯಲ್ಲಿ, ಫ್ಲೀಟ್ ರೇಸಿಗೆ. ಸಮುದ್ರವೇ ಇಲ್ಲದ ಊರಿನವರಿಗೆ ಆಗೋಲ್ಲ ಅನ್ನಬೇಡಿ. ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಕಡೆಯ ರೈತರ ಮಗಳು. ಭೋಪಾಲದ ಕೆರೆಯಲ್ಲಿ ಕಲಿತು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದಳು.

ಟೀಮ್ ರೇಸ್ ಅಂತ ಇನ್ನೊಂದಿದೆ. ಸಾಮಾನ್ಯವಾಗಿ ಮೂರು ದೋಣಿಗೆ ಮೂರು ದೋಣಿ. ಒಂದನೆಯವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು, ಹೀಗೆ. ಒಟ್ಟು 10 ಅಥವಾ ಅದಕ್ಕಿಂತ ಕಡಿಮೆ ಮಾಡಿದ ತಂಡ ಗೆದ್ದಂತೆ. ಮಜಾ ಇದೆ, ಆದರೆ ಆರು ದೋಣಿ ಬೇಕು. ನಮಗೆ ಎರಡು ಸಿಕ್ಕರೇ ಹೆಚ್ಚು.

ಮ್ಯಾಚ್ ರೇಸಿಂಗ್ ಕಲಿಯಲು ನನ್ನ ಪ್ರಕಾರ ಇರುವ ಕಾರಣ ಇಷ್ಟೇ: ದೋಣಿಯನ್ನು ನಿಲ್ಲಿಸುವುದು, ಹಿಂದಕ್ಕೆ ಸರಿಸುವುದು, ಅಂಗೈ ಜಾಗದಲ್ಲಿ ತಿರುಗಿಸುವುದು, ನಿಯಮವನ್ನೇ ಆಯುಧ ಮಾಡಿಕೊಳ್ಳುವುದು. ಇದನ್ನು ಇಷ್ಟು ಬೇಗ ಬೇರೆ ಯಾವ ಆಟವೂ ಕಲಿಸುವುದಿಲ್ಲ. ಜೊತೆಗೆ, ಇದು ತಂಡದ ಆಟ. ಒಬ್ಬಳಿಗೆ ಚುಕ್ಕಾಣಿ, ಒಬ್ಬಳಿಗೆ ಹಾಯಿ, ಇನ್ನೊಬ್ಬಳಿಗೆ ದೋಣಿಯ ಮುಂಭಾಗ. ಮೂವರು ಗೆಳತಿಯರು ಸೇರಿ ಕಲಿಯುವಂಥದ್ದು.

ಯಾವುದರಿಂದ ಅಳೆಯಬೇಕು

ಜನ ಸಾಮಾನ್ಯವಾಗಿ ಕೇಳುವುದು ಫೀಸ್ ಎಷ್ಟು, ಸರ್ಟಿಫಿಕೇಟ್ ಕೊಡ್ತಾರಾ ಅಂತ. ನಾನೂ ಹಾಗೇ ಮಾಡಿದೆ. ಹೆಸರಿನಲ್ಲಿ 'ರೇಸಿಂಗ್' ಇದ್ದ ಒಂದು ಶಿಬಿರಕ್ಕೆ ಹೋದೆ. ಹದಿನೈದು ದಿನದಲ್ಲಿ ಮೂರೋ ನಾಲ್ಕೋ ಸ್ಟಾರ್ಟ್ ಸಿಕ್ಕವು. ಉಳಿದದ್ದೆಲ್ಲ ಪ್ರವಾಸಿಗರ ಹಾಗೆ ದೋಣಿ ವಿಹಾರ. ಸರ್ಟಿಫಿಕೇಟ್ ಈಗಲೂ ಬೀರುವಿನಲ್ಲಿದೆ.

ಆಮೇಲೆ ನಾನು ಹಿಡಿದ ಅಳತೆಗೋಲು ಒಂದೇ. ಈ ರಜೆಯಲ್ಲಿ ಎಷ್ಟು ಸ್ಟಾರ್ಟ್ ಸಿಗುತ್ತದೆ? ಎರಡು ದೋಣಿ, ಒಂದು ಗಡಿಯಾರ, ಎರಡು ಬೋಯ್ (ಗೆರೆ ಗುರುತಿಗೆ ನೀರಲ್ಲಿ ತೇಲಿಬಿಡುವ ಬುರುಡೆ) ಇದ್ದರೆ ಎರಡು ಗಂಟೆಯಲ್ಲಿ ಹತ್ತು ಸ್ಟಾರ್ಟ್ ಆರಾಮಾಗಿ ಮಾಡಬಹುದು. ಫ್ಲೀಟ್ ರೇಸ್‌ನಲ್ಲಿ ದಿನಕ್ಕೆ ಎರಡೋ ಮೂರೋ. ಖರ್ಚನ್ನು ಸ್ಟಾರ್ಟ್‌ಗಳಿಂದ ಭಾಗಿಸಿ ನೋಡಿ. ಅಗ್ಗ ಅಂದುಕೊಂಡಿದ್ದು ದುಬಾರಿ ಆಗುತ್ತದೆ, ದುಬಾರಿ ಅಂದುಕೊಂಡಿದ್ದು ಅಗ್ಗ ಆಗುತ್ತದೆ.

ಇದರ ಹಿಂದೆ ಇನ್ನೂ ಮೂರು ವಿಷಯ ಇವೆ. ಒಂದೇ ಥರದ ಎರಡು ದೋಣಿ ಇವೆಯಾ? ಒಂದು ಹೊಸದು, ಒಂದು ತೇಪೆ ಹಾಕಿದ್ದು ಆದರೆ ಸೋತಿದ್ದು ನೀವೋ ದೋಣಿಯೋ ಗೊತ್ತಾಗುವುದಿಲ್ಲ. ನಿಯಮ ಗೊತ್ತಿರುವ ಒಬ್ಬರು ಪಕ್ಕದ ಬೋಟಿನಲ್ಲಿ ಕೂತು ನೋಡುತ್ತಾರಾ? ಅಂಪೈರ್ ಲೈಸೆನ್ಸ್ ಇರಲೇಬೇಕು ಅಂತಿಲ್ಲ, ಆದರೆ "ಇದು ನಿನ್ನ ತಪ್ಪು" ಅಂತ ಅಲ್ಲೇ ಹೇಳುವವರು ಬೇಕು. ಮೂರನೆಯದು, ನಿಮ್ಮ ರಜೆಗೂ ಅಲ್ಲಿಯ ಗಾಳಿಗೂ ತಾಳೆ ಆಗುತ್ತಾ? ಇದನ್ನು ಯಾರೂ ಯೋಚಿಸುವುದಿಲ್ಲ. ಗಾಳಿ ಇಲ್ಲದ ತಿಂಗಳಲ್ಲಿ ಹೋದರೆ ದಡದಲ್ಲಿ ಕೂತು ಕಡಲೆಕಾಯಿ ತಿನ್ನಬೇಕಷ್ಟೆ.

ಹುಡುಗಿಯರ ಸುರಕ್ಷತೆ, ವಸತಿ ಇವೂ ಲೆಕ್ಕಕ್ಕೆ ಬರುತ್ತವೆ. ಆದರೆ ಅದನ್ನು ಊರಿಗಿಂತ ಆಯಾ ಕ್ಲಬ್ಬಿನ ಜಾಗ ತೀರ್ಮಾನಿಸುತ್ತದೆ. ಮುಂದೆ ಹೇಳುತ್ತೇನೆ.

ಮೊದಲನೆಯದು: ಊರಲ್ಲೇ, ಕಾಸಿಲ್ಲದೆ

ನಗಬೇಡಿ. ಖರ್ಚಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ.

ಹಾಯಿದೋಣಿ ಓಟದ ನಿಯಮಪುಸ್ತಕ ನಾಲ್ಕು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಈಗಿನದು 2025–2028ರದು. ವರ್ಲ್ಡ್ ಸೇಲಿಂಗ್ ಸಂಸ್ಥೆಯ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಅನುಬಂಧ ಸಿ ಪೂರ್ತಿ ಮ್ಯಾಚ್ ರೇಸಿಂಗ್ ಬಗ್ಗೆ. ಮ್ಯಾಚ್ ರೇಸ್ ಕಾಲ್ ಬುಕ್ ಅನ್ನೋದೂ ಅಲ್ಲೇ ಇದೆ. ಇಂಥ ಸನ್ನಿವೇಶದಲ್ಲಿ ತಪ್ಪು ಯಾರದು ಅಂತ ಚಿತ್ರ ಸಮೇತ ಬಿಡಿಸಿ ಹೇಳುತ್ತದೆ. ಇಂಗ್ಲಿಷ್ ಗಟ್ಟಿಯಾಗಿದೆ, ಒಬ್ಬರೇ ಓದಿದರೆ ನಿದ್ದೆ ಬರುತ್ತದೆ. ಇಬ್ಬರು ಕೂತು ದಿನಕ್ಕೆ ಒಂದು ಪುಟ ಓದಿ, ಜಗಳ ಆಡಿ.

ಜಗಳಕ್ಕೆ ಒಳ್ಳೆಯ ಜಾಗ ಮಂಡಕ್ಕಿ ಅಂಗಡಿ. ತಟ್ಟೆಯಲ್ಲಿ ಎರಡು ಮಿರ್ಚಿ, ಅವೇ ದೋಣಿ. ಎರಡು ಈರುಳ್ಳಿ ಚೂರು ಇಟ್ಟರೆ ಅದೇ ಸ್ಟಾರ್ಟ್ ಗೆರೆ. ಫ್ಯಾನ್ ಇರುವ ಕಡೆಯಿಂದ ಗಾಳಿ. ಮಿರ್ಚಿ ಆರುವುದರೊಳಗೆ ಎರಡು ನಿಯಮ ತಲೆಗೆ ಹೋಗುತ್ತದೆ.

ಅದಕ್ಕಿಂತ ಒಳ್ಳೆಯದು ಮೈದಾನದ ಅಭ್ಯಾಸ. ಆಷಾಢದಲ್ಲಿ ನಮ್ಮ ಕಡೆ ಗಾಳಿಪಟ ಹಾರಿಸುವ ಗಾಳಿ ಇರುತ್ತದಲ್ಲ, ಆ ಹೊತ್ತಿಗೆ ಸಂಜೆ ಹೈಸ್ಕೂಲ್ ಮೈದಾನಕ್ಕೆ ಹೋಗಿ. ಎರಡು ನೀರಿನ ಬಾಟಲಿ ಇಟ್ಟು ಗೆರೆ ಮಾಡಿ. ಮೊಬೈಲ್‌ನಲ್ಲಿ ನಾಲ್ಕು ನಿಮಿಷದ ಟೈಮರ್ ಹಾಕಿ. ಒಬ್ಬಳು ಎಡದಿಂದ, ಒಬ್ಬಳು ಬಲದಿಂದ ನಡೆದು ಬನ್ನಿ. ಒಂದೇ ಕಟ್ಟಳೆ: ಗಾಳಿಗೆ ನೇರ ಎದುರು ನಡೆಯುವಂತಿಲ್ಲ, ಎರಡೂ ಕಡೆ 45 ಡಿಗ್ರಿ ಬಿಟ್ಟು ಓರೆಯಾಗಿಯೇ ನಡೆಯಬೇಕು. ಹಾಯಿದೋಣಿಗೂ ಅದೇ ಮಿತಿ. ಮೂರನೆಯವಳು ಅಂಪೈರ್. ಒಂದು ಸಂಜೆಗೆ ಹತ್ತು ಹನ್ನೆರಡು ಸ್ಟಾರ್ಟ್! ನಾವು ಮಾಡುವಾಗ ವಾಕಿಂಗ್ ಬಂದ ಅಜ್ಜರೊಬ್ಬರು ಬಹಳ ಹೊತ್ತು ನೋಡಿ, "ಏನಮ್ಮಾ, ಏನ್ ಕಳ್ಕೊಂಡ್ರಿ? ನಾನೂ ಹುಡುಕ್ಲಾ?" ಅಂದಿದ್ದರು.

ಮೊಬೈಲ್ ಆಟಗಳೂ ಇವೆ. ವರ್ಚುವಲ್ ರೆಗಟ್ಟಾ ಇನ್‌ಶೋರ್ ಅನ್ನುವುದರಲ್ಲಿ ನಿಜವಾದ ನಿಯಮಗಳನ್ನೇ ಸರಳ ಮಾಡಿ ಇಟ್ಟಿದ್ದಾರೆ. ಅಕ್ಕಪಕ್ಕ ಹೋಗುವಾಗ ದಾರಿ ಯಾರದು ಅನ್ನುವುದು ಬೆರಳ ತುದಿಗೆ ಬರುತ್ತದೆ. ರಾತ್ರಿ ಹನ್ನೆರಡರವರೆಗೂ ಆಡಬೇಡಿ, ಅಷ್ಟೆ.

ಇದರ ಮಿತಿ ಗೊತ್ತೇ ಇದೆ. ಕಣ್ಣು ಕಲಿಯುತ್ತದೆ, ತಲೆ ಕಲಿಯುತ್ತದೆ. ಕೈ ಕಲಿಯುವುದಿಲ್ಲ, ಮೈ ನೆನೆಯುವುದಿಲ್ಲ. ಆದರೆ ಇಷ್ಟು ಮಾಡಿ ಹೋದವಳಿಗೂ ಸುಮ್ನೆ ಹೋದವಳಿಗೂ ಮೊದಲ ವಾರದಲ್ಲೇ ವ್ಯತ್ಯಾಸ ಕಾಣುತ್ತದೆ.

ಈಜು ಕೂಡ ಊರಲ್ಲೇ ಮುಗಿಸಿಕೊಳ್ಳಿ. ಹಿಂದೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಈಗ ಈಜುಕೊಳ ಇದೆ. ಲೈಫ್ ಜಾಕೆಟ್ ತೇಲಿಸುತ್ತದೆ ನಿಜ, ಆದರೆ ಮಗುಚಿದ ದೋಣಿ ಗಾಳಿಗೆ ದೂರ ಸರಿಯುತ್ತಿರುವಾಗ ಅದನ್ನು ಹೋಗಿ ಹಿಡಿಯಬೇಕು. ಬಟ್ಟೆ ಹಾಕಿಕೊಂಡೇ 50 ಮೀಟರ್ ಈಜಲು ಬಂದರೆ ಧೈರ್ಯ ತಾನಾಗಿ ಬರುತ್ತದೆ.

ಇಲ್ಲಿ ಒಂದು ಮಾತು. ಚಿತ್ರದುರ್ಗದವರು ಕೇಳುತ್ತಾರೆ: ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗುತ್ತಿವೆ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ, ಇದೆ, ಅಲ್ಲೇ ಯಾಕೆ ಆಗಬಾರದು? 1933ರ ನಂತರ ಮೊದಲ ಸಲ 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ನಾನೂ ನೋಡಲು ಹೋಗಿದ್ದೆ. ಆ ನೀರು, ಆ ಗಾಳಿ ನೋಡಿ ಹೊಟ್ಟೆ ಉರಿಯಿತು. ಆದರೆ ಹಾಯಿದೋಣಿಗೆ ನೀರು, ಗಾಳಿ ಸಾಲದು. ಮಗುಚಿದಾಗ ಐದು ನಿಮಿಷದಲ್ಲಿ ಬರುವ ರಕ್ಷಣಾ ಬೋಟು ಬೇಕು. ಅದಿಲ್ಲದ ಜಾಗದಲ್ಲಿ, ಶಾಂತಿಸಾಗರವೇ ಇರಲಿ, ಮಾರಿಕಣಿವೆಯೇ ಇರಲಿ, ಯಾರದೋ ದೋಣಿಗೆ ಹಾಯಿ ಕಟ್ಟಿಕೊಂಡು ಇಳಿಯಬೇಡಿ.

ಹೈದರಾಬಾದ್: ಕೆರೆಯ ದಾರಿ

ಹುಸೇನ್ ಸಾಗರದಲ್ಲಿ ಹಾಯಿದೋಣಿ ಸಂಪ್ರದಾಯ ಗಟ್ಟಿಯಾಗಿದೆ. ಸೇನೆಯ ಇಎಂಇ ಸೇಲಿಂಗ್ ಅಸೋಸಿಯೇಷನ್ ಇದೆ, ನಾಗರಿಕರಿಗೆ ಯಾಟ್ ಕ್ಲಬ್ ಆಫ್ ಹೈದರಾಬಾದ್ ಇದೆ. ಮಳೆಗಾಲದ ಗಾಳಿಯಲ್ಲಿ ಅಲ್ಲಿ ರಾಷ್ಟ್ರಮಟ್ಟದ ರೇಸ್‌ಗಳೇ ನಡೆಯುತ್ತವೆ. ದಾವಣಗೆರೆಯಿಂದ ರಾತ್ರಿ ಹೊರಟರೆ ಬೆಳಿಗ್ಗೆ ಅಲ್ಲಿರಬಹುದು.

ಕೆರೆಯ ದೊಡ್ಡ ಲಾಭ ಎಂದರೆ ಸಮಯ. ದಡದಿಂದ ಹತ್ತು ನಿಮಿಷದಲ್ಲಿ ಗೆರೆಯ ಹತ್ತಿರ ಇರುತ್ತೀರಿ. ಅಲೆ ಇಲ್ಲ. ಹಾಗಾಗಿ ಒಂದೇ ಹೊತ್ತಿಗೆ ಸಿಗುವ ಸ್ಟಾರ್ಟ್ ಜಾಸ್ತಿ. ಸುತ್ತ ಕಟ್ಟಡ, ನಡುವೆ ಬುದ್ಧನ ವಿಗ್ರಹ. ಇವುಗಳಿಂದ ಗಾಳಿ ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುತ್ತದೆ. ಹೊಸಬರಿಗೆ ಇದು ಹಿಂಸೆ. ಆದರೆ ಮ್ಯಾಚ್ ರೇಸ್‌ಗೆ ಇದೇ ಒಳ್ಳೆಯ ಗುರು, ಯಾಕೆಂದರೆ ಗಾಳಿ ತಿರುಗಿದ್ದನ್ನು ಎದುರಾಳಿಗಿಂತ ಎರಡು ಸೆಕೆಂಡ್ ಮುಂಚೆ ನೋಡಿದವಳೇ ಗೆಲ್ಲುವುದು.

ನಷ್ಟ ಏನು? ನೀರು. ಹುಸೇನ್ ಸಾಗರದ ನೀರು ಶುದ್ಧ ಅಂತ ಹೈದರಾಬಾದಿನವರೇ ಹೇಳುವುದಿಲ್ಲ. ಮಗುಚಿದಾಗ ಬಾಯಿ ಮುಚ್ಚಿಕೊಂಡು ಬೀಳುವುದನ್ನೂ ಕಲಿಯಬೇಕು. ಗಾಯ ಇದ್ದ ದಿನ ಇಳಿಯಬೇಡಿ, ದಡಕ್ಕೆ ಬಂದ ತಕ್ಷಣ ಸೋಪು ಹಾಕಿ ಸ್ನಾನ ಮಾಡಿ. ಇನ್ನೊಂದು, ಇಂಥ ಕಡೆ ಹೆಚ್ಚಾಗಿ ಸಿಗುವುದು ಸಣ್ಣ ಡಿಂಗಿಗಳು. ಆಪ್ಟಿಮಿಸ್ಟ್ ಮಕ್ಕಳದು. ನಿಮ್ಮ ವಯಸ್ಸಿನವರಿಗೆ ಲೇಸರ್ ಅನ್ನುವ ದೋಣಿ, ಈಗ ಅದನ್ನು ಐಎಲ್‌ಸಿಎ ಅನ್ನುತ್ತಾರೆ. ಮೈ ಹಗುರ ಇದ್ದವರಿಗೆ 4.7 ಚದರ ಮೀಟರ್ ಹಾಯಿಯ ಐಎಲ್‌ಸಿಎ 4 ಸಾಕು, ಸ್ವಲ್ಪ ತೂಕ ಇದ್ದವರಿಗೆ ಐಎಲ್‌ಸಿಎ 6. ಇದರಲ್ಲಿ ಒಬ್ಬಳೇ ಕೂರುವುದು. ತಂಡದ ಕೆಲಸ ಕಲಿಯಲಾಗದು. ಆದರೆ ಎರಡು ಲೇಸರ್ ತೆಗೆದುಕೊಂಡು ಇಬ್ಬರು ಗೆಳತಿಯರು ಡಯಲ್-ಅಪ್ ಅಭ್ಯಾಸ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಾನು ಕೈ ಪಳಗಿಸಿಕೊಂಡಿದ್ದು ಹೀಗೇ.

ಚೆನ್ನೈ: ಸಮುದ್ರದ ದಾರಿ

ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರಷ್ಟು ಹಳೆಯದು. ತಮಿಳುನಾಡು ಸೇಲಿಂಗ್ ಅಸೋಸಿಯೇಷನ್ ಕೂಡ ಅಲ್ಲೇ. ನಮ್ಮ ದೇಶದ ಒಳ್ಳೆಯ ಸೇಲರ್‌ಗಳಲ್ಲಿ ಬಹಳ ಮಂದಿ ಈ ನೀರಿನಲ್ಲಿ ಬೆಳೆದವರು. ಸುತ್ತ ಅಂಥವರಿದ್ದಾಗ ಸುಮ್ನೆ ದಡದಲ್ಲಿ ನಿಂತು ನೋಡಿದರೂ ಕಲಿಯುತ್ತೀರಿ. ಇಬ್ಬರು ಕೂರುವ ದೋಣಿಗಳ ಸಂಸ್ಕೃತಿಯೂ ಇದೆ, ಹಾಗಾಗಿ ಜೊತೆಗಾರ್ತಿಯೊಂದಿಗೆ ಮಾತಾಡಿಕೊಂಡು ದೋಣಿ ನಡೆಸುವುದು ಇಲ್ಲಿ ರೂಢಿಯಾಗುತ್ತದೆ.

ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಗಡಿಯಾರ ನೋಡಿಕೊಂಡು ಬಂದ ಹಾಗೆ ಬರುತ್ತದೆ. ಏಪ್ರಿಲ್–ಮೇ ರಜೆ ಇರುವವರಿಗೆ ಇದು ಅನುಕೂಲ. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿ ಮಳೆಗಾಲ, ಕೆಲವು ದಿನ ಕಡಲಿಗೆ ಇಳಿಯಲೇ ಆಗದು.

ಸಮುದ್ರದ ಅಲೆ ಮೊದಲ ವಾರ ಹೊಟ್ಟೆ ತೊಳಸುತ್ತದೆ. ನನ್ನ ಬೆಳಗಿನ ಇಡ್ಲಿ ಎಲ್ಲಿಗೆ ಹೋಯಿತು ಅಂತ ಇಲ್ಲಿ ಬರೆಯೋಲ್ಲ. ಹೊರಗೆ ಹೋಗಿ ಬರುವುದಕ್ಕೇ ಸಮಯ ಬೇಕು, ಹಾಗಾಗಿ ಸ್ಟಾರ್ಟ್ ಲೆಕ್ಕದಲ್ಲಿ ಕೆರೆಗಿಂತ ಕಡಿಮೆ. ಬಂದರಿನ ಪ್ರದೇಶವಾದ್ದರಿಂದ ಗುರುತಿನ ಚೀಟಿ ಸದಾ ಕೈಯಲ್ಲಿರಬೇಕು. ವಸತಿ ಖರ್ಚು ಹೈದರಾಬಾದ್‌ಗಿಂತ ನನಗೆ ಹೆಚ್ಚೇ ಆಯಿತು. ಇಷ್ಟಾದರೂ ಅಲೆಯಲ್ಲಿ ಕಲಿತವಳು ಕೆರೆಗೆ ಬಂದರೆ ಆಟ ಆಡಿದಂತಿರುತ್ತದೆ. ಕೆರೆಯಲ್ಲಿ ಕಲಿತವಳು ಸಮುದ್ರಕ್ಕೆ ಹೋದರೆ ಮತ್ತೆ ಒಂದನೇ ಕ್ಲಾಸು.

ಗೋವಾ, ಮುಂಬೈ

ಹುಬ್ಬಳ್ಳಿ ಮೇಲೆ ಗೋವಾ ನಮಗೆ ಹತ್ತಿರ. ಡೋನಾ ಪೌಲಾ ಕಡೆ ಗೋವಾ ಯಾಟಿಂಗ್ ಅಸೋಸಿಯೇಷನ್ ಇದೆ. ಒಂದು ವಾರದ ಪರಿಚಯಕ್ಕೆ ಒಳ್ಳೆಯದು. ಪ್ರವಾಸಿಗರ ಊರು, ದುಡ್ಡು ನೀರಿನ ಹಾಗೆ ಹೋಗುತ್ತದೆ. "ಗೋವಾಕ್ಕೆ ಹೋಗ್ತೀನಿ" ಅಂತ ಮನೆಯಲ್ಲಿ ಹೇಳಿದಾಗ ಎದ್ದ ಗದ್ದಲವೂ ಖರ್ಚಿನ ಲೆಕ್ಕಕ್ಕೆ ಸೇರಬೇಕು.

ಮುಂಬೈ ವಿಷಯ ಬೇರೆ. ಮ್ಯಾಚ್ ರೇಸಿಂಗ್ ನಿಜವಾಗಿ ನಡೆಯುವುದು ಕೀಲ್‌ಬೋಟ್‌ನಲ್ಲಿ. ಅಂದರೆ ಅಡಿಯಲ್ಲಿ ಭಾರದ ಕೀಲು ಇರುವ, ಸುಲಭಕ್ಕೆ ಮಗುಚದ ದೊಡ್ಡ ದೋಣಿ. 8 ಮೀಟರ್ ಉದ್ದದ ಜೆ/80 ದೋಣಿಗಳು ಮುಂಬೈಯಲ್ಲಿವೆ. ನಾಲ್ಕೈದು ಜನರ ತಂಡ, ಪ್ರತಿಯೊಬ್ಬರಿಗೂ ಬೇರೆ ಕೆಲಸ. ವಿಡಿಯೊದಲ್ಲಿ ನೋಡಿದ ಆಟಕ್ಕೆ ಹತ್ತಿರ ಬರುವುದು ಇದೇ. ಆದರೆ ಹೊಸಬರು ಮೊದಲ ದಿನವೇ ಇಲ್ಲಿಗೆ ಹೋದರೆ ಹಗ್ಗ ಹಿಡಿದು ಕೂರುವ ಕೆಲಸ ಮಾತ್ರ ಸಿಗುತ್ತದೆ. ಚುಕ್ಕಾಣಿ ಯಾರೂ ಕೊಡುವುದಿಲ್ಲ, ಕೊಡಬಾರದು ಕೂಡ. ಎರಡು ಜೆ/80 ತಾಗಿದರೆ ರಿಪೇರಿ ಬಿಲ್ಲು ನಿಮ್ಮ ಸೆಮಿಸ್ಟರ್ ಫೀಸನ್ನೂ ಮೀರಬಹುದು.

ಎರಡೂ ಕಡೆ ಜೂನ್‌ನಿಂದ ಸೆಪ್ಟೆಂಬರ್ ಕಡಲು ಮುಚ್ಚಿದ ಹಾಗೇ. ಅಕ್ಟೋಬರ್ ನಂತರ ಸೀಸನ್.

ಎನ್‌ಸಿಸಿ ನೌಕಾ ವಿಂಗ್

ಖರ್ಚೇ ಇಲ್ಲದ ದಾರಿ ಇದು. ಎಂಟರ್‌ಪ್ರೈಸ್ ಅನ್ನುವ ಇಬ್ಬರು ಕೂರುವ ದೋಣಿ, ವೇಲರ್ ಅನ್ನುವ ದೊಡ್ಡ ದೋಣಿಗೆ ಹುಟ್ಟು ಹಾಕುವುದು, ಅಖಿಲ ಭಾರತ ನೌ ಸೈನಿಕ್ ಕ್ಯಾಂಪ್. ಶಿಸ್ತಿನಲ್ಲಿ ಕಲಿಸುತ್ತಾರೆ, ಮನೆಯವರೂ ಖುಷಿಯಾಗಿ ಕಳಿಸುತ್ತಾರೆ. ಆದರೆ ನೌಕಾ ಘಟಕ ಇರುವುದು ಮಂಗಳೂರು, ಉಡುಪಿ, ಬೆಂಗಳೂರಿನಂಥ ಕಡೆ. ನನ್ನ ಕಾಲೇಜಿನಲ್ಲಿ ಇದ್ದದ್ದು ಭೂಸೇನಾ ವಿಂಗ್ ಮಾತ್ರ. ಡಿಗ್ರಿಗೆ ಇನ್ನೂ ಸೇರಬೇಕಾದವರು, ಕರಾವಳಿಗೆ ಹೋಗುವ ಯೋಚನೆ ಇದ್ದವರು, ಕಾಲೇಜು ಆರಿಸುವಾಗಲೇ ಇದನ್ನು ನೋಡಿ. ಮ್ಯಾಚ್ ರೇಸಿಂಗ್ ಅಂತ ಅಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ ಅಂದುಕೊಳ್ಳಬೇಡಿ, ತಳಪಾಯ ಸಿಗುತ್ತದೆ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ರಜೆ ಮಳೆಗಾಲದಲ್ಲಿ ಬರುತ್ತದೆ ಅಂದರೆ ಎರಡನೇ ಯೋಚನೆ ಬೇಡ. ಎರಡು ತಿಂಗಳು ಮೈದಾನ, ಮಿರ್ಚಿ, ಈಜು. ಆಮೇಲೆ ಎರಡು ವಾರ ಹೈದರಾಬಾದ್. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಖರ್ಚಿಗೆ ಹೋಲಿಸಿದರೆ ಸ್ಟಾರ್ಟ್ ಜಾಸ್ತಿ ಸಿಗುವುದು ಇಲ್ಲೇ.

ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಬಿಡುವಿದೆ, ಚೆನ್ನೈಯಲ್ಲಿ ನೆಂಟರ ಮನೆ ಇದೆ ಅಂದರೆ ಲೆಕ್ಕ ತಲೆಕೆಳಗಾಗುತ್ತದೆ. ನನ್ನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಫೀಸ್‌ಗಲ್ಲ, ವಸತಿ ಊಟಕ್ಕೆ. ಅದು ಉಳಿದರೆ ಚೆನ್ನೈಯೇ ಸರಿ.

ಈಗಾಗಲೇ ದೋಣಿ ನಡೆಸಲು ಬರುತ್ತದೆ, ಮೂವರು ಗೆಳತಿಯರು ಒಟ್ಟಾಗಿದ್ದೀರಿ, ಕೆಲಸಕ್ಕೆ ಸೇರಿ ಸ್ವಲ್ಪ ಸಂಬಳ ಬರುತ್ತಿದೆ ಅಂದರೆ ಚಳಿಗಾಲದಲ್ಲಿ ಮುಂಬೈ. ಮೂವರೂ ಒಂದೇ ದೋಣಿಯಲ್ಲಿ ಇರುತ್ತೇವೆ ಅಂತ ಮೊದಲೇ ಮಾತಾಡಿಕೊಂಡು ಹೋಗಿ.

ಒಬ್ಬಳೇ ಹೋಗಬೇಕಾ, ಜೊತೆ ಹುಡುಕಬೇಕಾ ಅಂತ ಕೇಳಿದರೆ, ಮ್ಯಾಚ್ ರೇಸಿಂಗ್‌ಗೆ ಜೊತೆ ಬೇಕೇ ಬೇಕು. ಗೆಳತಿ ಬರಲ್ಲ ಅಂದಳು ಅಂತ ಆರು ತಿಂಗಳು ಕಾಯುವುದೂ ಬೇಡ. ಮೊದಲ ಹಂತದ ಶಿಬಿರಕ್ಕೆ ಒಬ್ಬಳೇ ಹೋಗಿ. ಅಲ್ಲಿ ಸಿಕ್ಕವಳೇ ನಿಮ್ಮ ಎದುರಾಳಿ ಆಗುತ್ತಾಳೆ. ನನ್ನ ಖಾಯಂ ಎದುರಾಳಿ ತೆನಾಲಿ ಕಡೆಯವಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ತೆಲುಗು ಅರ್ಧಂಬರ್ಧ. ಬಯ್ಯುವುದಕ್ಕೆ ಅಷ್ಟು ಸಾಕಾಗುತ್ತಿತ್ತು.

ಫೋನ್ ಮಾಡಿದಾಗ ಕೇಳಿ

ಸುರಕ್ಷತೆ ವಿಷಯ ಮುಂದೆ ಹೇಳುತ್ತೇನೆ ಅಂದಿದ್ದೆನಲ್ಲ. ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ದಡದಲ್ಲೇ ಇದೆಯಾ? ಸಣ್ಣ ಪ್ರಶ್ನೆ ಅನ್ನಿಸಬಹುದು. ಒದ್ದೆ ಬಟ್ಟೆಯಲ್ಲಿ ಆಟೋ ಹುಡುಕಿಕೊಂಡು ನಿಂತವಳಿಗೆ ಗೊತ್ತು. ಮುಟ್ಟಿನ ದಿನಗಳಲ್ಲಿ ಕಪ್ ಬಳಸುವವರಿಗೆ ನೀರಿನಲ್ಲಿ ತೊಂದರೆ ಕಡಿಮೆ. ಬಳಸಿ ಅಭ್ಯಾಸ ಇಲ್ಲದಿದ್ದರೆ ಶಿಬಿರದ ಮೊದಲ ದಿನವೇ ಪ್ರಯೋಗ ಬೇಡ, ಎರಡು ತಿಂಗಳು ಮುಂಚೆಯೇ ಮನೆಯಲ್ಲಿ ರೂಢಿ ಮಾಡಿಕೊಳ್ಳಿ. ಹುಡುಗಿಯರು ಬೇರೆ ಯಾರಾದರೂ ಈ ಬ್ಯಾಚ್‌ನಲ್ಲಿದ್ದಾರಾ ಅಂತಲೂ ಕೇಳಿ. ಆಗುವುದಾದರೆ ಹಿಂದಿನ ಬ್ಯಾಚಿನ ಒಬ್ಬಳ ಜೊತೆ ಮಾತಾಡಿ.

ಹಾಕಿಕೊಳ್ಳಲು ತುಂಬು ತೋಳಿನ, ಬೇಗ ಒಣಗುವ ಬಟ್ಟೆ ಸಾಕು. ಹತ್ತಿ ಬೇಡ, ನೆನೆದರೆ ಭಾರ. ಬೆರಳು ಮುಚ್ಚುವ ಶೂ, ದಾರ ಇರುವ ಟೋಪಿ, ಹಗ್ಗ ಹಿಡಿಯಲು ಗ್ಲೌಸ್. ಲೈಫ್ ಜಾಕೆಟ್ ಕ್ಲಬ್ಬಿನವರು ಕೊಡುತ್ತಾರಾ, ನಿಮ್ಮ ಅಳತೆಯದು ಇದೆಯಾ ಕೇಳಿ. ದೊಡ್ಡದಾದರೆ ನೀರಿಗೆ ಬಿದ್ದಾಗ ಕಿವಿಯವರೆಗೆ ಏರುತ್ತದೆ.

ಆಮೇಲೆ ಆಟದ ಪ್ರಶ್ನೆಗಳು. ಒಂದೇ ಅಚ್ಚಿನ ದೋಣಿ ಎಷ್ಟಿವೆ, ಎಷ್ಟು ಓಡುವ ಸ್ಥಿತಿಯಲ್ಲಿವೆ? ದಿನಕ್ಕೆ ನೀರಿನ ಮೇಲೆ ಎಷ್ಟು ಗಂಟೆ? ರಕ್ಷಣಾ ಬೋಟು ಎಷ್ಟು ದೋಣಿಗೆ ಒಂದು? ಸ್ಟಾರ್ಟ್ ಅಭ್ಯಾಸ ಇದೆಯಾ ಅಂತ ಕೇಳಿದಾಗ ಅವರು ತಡವರಿಸಿದರೆ ಅಲ್ಲೇ ಉತ್ತರ ಸಿಕ್ಕಿತು. ದೋಣಿಗೆ ಪೆಟ್ಟಾದರೆ ಯಾರು ಕೊಡಬೇಕು, ಡ್ಯಾಮೇಜ್ ಡಿಪಾಜಿಟ್ ಎಷ್ಟು, ವಾಪಸ್ ಯಾವಾಗ? ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರೆಸಿಕೊಳ್ಳಿ. ಗಾಳಿ ಇಲ್ಲದ ದಿನ ಏನು ಮಾಡಿಸುತ್ತೀರಿ ಅಂತಲೂ ಕೇಳಿ. ಬೋರ್ಡ್ ಮೇಲೆ ನಿಯಮ ಹೇಳಿಕೊಡುತ್ತೇವೆ ಅಂದರೆ ದುಡ್ಡು ಕಟ್ಟಿ. "ರಜೆ ಕೊಡ್ತೀವಿ" ಅಂದರೆ ಇನ್ನೊಂದು ಕಡೆ ಫೋನ್ ಮಾಡಿ.